ಬಿಲ್ಲುಬೇಟೆ ಮತ್ತು ಅರ್ಹತಾ ಪರೀಕ್ಷೆ

ಬಿಲ್ಲುಬೇಟೆಯ ಅರ್ಹತಾ ಪರೀಕ್ಷೆ ಎಂದರೆ ಬಿಲ್ಲುಬಾಣಗಳಿಂದ ವನ್ಯಪ್ರಾಣಿಗಳನ್ನು ಬೇಟೆಯಾಡಬಯಸುವವರ ಗುರಿ, ಸುರಕ್ಷತೆಯ ಅರಿವು ಹಾಗೂ ಪ್ರಾಣಿಗಳ ದೇಹರಚನೆಯ ಜ್ಞಾನವನ್ನು ಅಳೆಯುವ ಪರೀಕ್ಷೆ. ಕೆಲವು ದೇಶಗಳಲ್ಲಿ ಇದು ಕಡ್ಡಾಯ. ಭಾರತದಲ್ಲಿ ವನ್ಯಪ್ರಾಣಿಗಳ ಬೇಟೆಗೇ ನಿಷೇಧವಿರುವುದರಿಂದ ಇಂತಹ ಪರೀಕ್ಷೆ ಇಲ್ಲ. ಆದರೆ ಮನುಷ್ಯರ ಪ್ರಾಣಕ್ಕೆ ಅಥವಾ ಬೆಳೆಗೆ ಅಪಾಯ ಒದಗಿದಾಗ ಪ್ರಾಣಿಯನ್ನು ಕೊಲ್ಲಲು ಕಾನೂನು ವಿಶೇಷ ಅನುಮತಿ ನೀಡುತ್ತದೆ. ಆಗ ಆಯುಧ ಹಿಡಿಯುವವರ ಅರ್ಹತೆ ಏನಿರಬೇಕು ಎಂಬ ಪ್ರಶ್ನೆ ತುಮಕೂರಿನಂತಹ ಜಿಲ್ಲೆಗಳಿಗೂ ಸಂಬಂಧಿಸಿದೆ.

ಪರೀಕ್ಷೆಯ ಉದ್ದೇಶ

ಬೇಟೆಯ ಬಾಣವು ಮುಖ್ಯವಾಗಿ ರಕ್ತಸ್ರಾವದಿಂದ ಪ್ರಾಣಿಯನ್ನು ಕೊಲ್ಲುತ್ತದೆ. ಅದು ಹೃದಯ ಅಥವಾ ಶ್ವಾಸಕೋಶಕ್ಕೆ ತಾಗದಿದ್ದರೆ ಪ್ರಾಣಿಯು ಗಾಯಗೊಂಡು ತಪ್ಪಿಸಿಕೊಂಡು ನರಳಿ ಸಾಯಬಹುದು. ಗಾಯಗೊಂಡ ಕಾಡುಹಂದಿ ಅಥವಾ ಚಿರತೆ ಮನುಷ್ಯರ ಮೇಲೆರಗುವ ಸಂಭವವೂ ಉಂಟು.

ಇತರ ದೇಶಗಳಲ್ಲಿ

ಡೆನ್ಮಾರ್ಕಿನಲ್ಲಿ ಬಿಲ್ಲುಬೇಟೆಗಾರರು ಸಾಮಾನ್ಯ ಬೇಟೆ ಪರೀಕ್ಷೆಯ ಜೊತೆಗೆ ಪ್ರತ್ಯೇಕ ಬಿಲ್ಲುಬೇಟೆ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ಅಮೆರಿಕದ ನ್ಯೂಯಾರ್ಕ್ ಮುಂತಾದ ರಾಜ್ಯಗಳು ಬಿಲ್ಲುಬೇಟೆಯ ಶಿಕ್ಷಣವನ್ನು ಕಡ್ಡಾಯಗೊಳಿಸಿವೆ. ಬ್ರಿಟನ್ನಿನಲ್ಲಿ 1981ರ ಕಾಯ್ದೆಯ ಪ್ರಕಾರ ವನ್ಯಪ್ರಾಣಿಗಳನ್ನು ಬಿಲ್ಲಿನಿಂದ ಕೊಲ್ಲುವಂತಿಲ್ಲ.

ಭಾರತದ ಕಾನೂನು

ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 9ನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಕಾಯ್ದೆಯ ವ್ಯಾಖ್ಯಾನದಂತೆ ಬಿಲ್ಲುಬಾಣ, ಬಲೆ, ಉರುಳು, ವಿಷ, ಸ್ಫೋಟಕಗಳೆಲ್ಲವೂ ಆಯುಧಗಳೇ. 11ನೇ ಕಲಮಿನಡಿ, ಮನುಷ್ಯರ ಪ್ರಾಣಕ್ಕೆ ಅಪಾಯಕಾರಿಯಾದ ಮೊದಲನೇ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಲು ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ನಮೂದಿಸಿ ಲಿಖಿತ ಅನುಮತಿ ನೀಡಬಹುದು. ಸೆರೆಹಿಡಿಯುವುದು, ಅರಿವಳಿಕೆ ನೀಡುವುದು ಅಥವಾ ಸ್ಥಳಾಂತರಿಸುವುದು ಸಾಧ್ಯವಿಲ್ಲವೆಂದು ಮನವರಿಕೆಯಾದರೆ ಮಾತ್ರ ಕೊಲ್ಲಲು ಆದೇಶಿಸಬೇಕು. ಚಿರತೆ ಈ ಅನುಸೂಚಿಯಲ್ಲಿದೆ. 2022ರ ತಿದ್ದುಪಡಿಯ ನಂತರ ಎರಡನೇ ಅನುಸೂಚಿಯಲ್ಲಿರುವ ಕಾಡುಹಂದಿಯ ವಿಷಯದಲ್ಲಿ ಬೆಳೆಹಾನಿಯೂ ಅನುಮತಿಗೆ ಕಾರಣವಾಗಬಹುದು. ಆತ್ಮರಕ್ಷಣೆಗಾಗಿ ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ.

ಈ ಕಲಂ ‘ಯಾವುದೇ ವ್ಯಕ್ತಿ’ಗೆ ಅನುಮತಿ ನೀಡಲು ಅವಕಾಶ ಕಲ್ಪಿಸುತ್ತದೆ, ಆತನ ನೈಪುಣ್ಯವನ್ನು ಪರೀಕ್ಷಿಸಬೇಕೆಂದು ಹೇಳುವುದಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಬಂದೂಕಿನ ಪರವಾನಗಿಗೆ ಸುರಕ್ಷತಾ ತರಬೇತಿಯನ್ನು ವಿಧಿಸುತ್ತವೆಯಾದರೂ ಅದು ಆಯುಧದ ಬಳಕೆ ಮತ್ತು ರಕ್ಷಣೆಗೆ ಸಂಬಂಧಿಸಿದ್ದು, ಬೇಟೆಗಲ್ಲ.

ತುಮಕೂರು ಪರಿಸರ

2019ರ ಕೊನೆ ಮತ್ತು 2020ರ ಆರಂಭದ ತಿಂಗಳುಗಳಲ್ಲಿ ತುಮಕೂರು ತಾಲ್ಲೂಕಿನ ಹೆಬ್ಬೂರು ಸುತ್ತಮುತ್ತ ಹಾಗೂ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಗ್ರಾಮಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ಸೇರಿದಂತೆ ಹಲವರು ಬಲಿಯಾದರು. ಅರಣ್ಯ ಇಲಾಖೆಯು ಬೋನುಗಳನ್ನೂ ಕ್ಯಾಮೆರಾಗಳನ್ನೂ ಅಳವಡಿಸಿ ಕಾರ್ಯಾಚರಣೆ ನಡೆಸಿತು. ಒಂದಕ್ಕಿಂತ ಹೆಚ್ಚು ಚಿರತೆಗಳಿರುವ ಪ್ರದೇಶದಲ್ಲಿ ದಾಳಿ ಮಾಡಿದ ಪ್ರಾಣಿಯನ್ನು ಗುರುತಿಸುವುದೇ ಕಠಿಣ. ತಪ್ಪಾದ ಪ್ರಾಣಿ ಸತ್ತರೆ ಅಪಾಯ ಹಾಗೆಯೇ ಉಳಿಯುತ್ತದೆ. ಆದುದರಿಂದ ಇಲ್ಲಿ ಗುರಿಯಷ್ಟೇ ಹೆಜ್ಜೆಗುರುತಿನ ಪರಿಚಯವೂ ಪ್ರಾಣಿಯ ಚಲನವಲನದ ತಿಳಿವಳಿಕೆಯೂ ಮುಖ್ಯ.

ವಾದ ಮತ್ತು ಪ್ರತಿವಾದ

ಪರೀಕ್ಷೆಯು ಪ್ರಾಣಿಯ ನರಳಾಟವನ್ನೂ ಜನರಿಗಾಗುವ ಅಪಾಯವನ್ನೂ ತಗ್ಗಿಸುತ್ತದೆ, ಹೊಣೆಗಾರಿಕೆಯನ್ನು ನಿಗದಿಪಡಿಸುತ್ತದೆ ಎಂಬುದು ಪರವಾದ ವಾದ. ಮೈದಾನದಲ್ಲಿ ನಿಶ್ಚಲ ಗುರಿಗೆ ಹೊಡೆದವನು ಇರುಳಿನಲ್ಲಿ, ಪೊದೆಗಳ ನಡುವೆ ಅದೇ ಕೌಶಲ ತೋರುವನೆಂಬ ಭರವಸೆಯಿಲ್ಲ ಎಂಬುದು ವಿರುದ್ಧ ವಾದ. ಬೇಟೆಗೆ ಪರೀಕ್ಷೆ ಏರ್ಪಡಿಸಿದರೆ ನಿಷಿದ್ಧ ಕೃತ್ಯಕ್ಕೆ ಮನ್ನಣೆ ದೊರೆತಂತಾಗುತ್ತದೆ ಎಂಬ ಆಕ್ಷೇಪಕ್ಕೂ ಭಾರತದಲ್ಲಿ ಆಸ್ಪದವಿದೆ. ಅನುಮತಿ ಪಡೆದವರಿಗಷ್ಟೇ ಪರೀಕ್ಷೆಯನ್ನು ಸೀಮಿತಗೊಳಿಸಿದರೆ ಈ ಆಕ್ಷೇಪದ ಬಲ ಕುಗ್ಗುತ್ತದೆ. ಏಕೆಂದರೆ ಅಲ್ಲಿ ಕೊಲ್ಲುವ ನಿರ್ಧಾರ ಮೊದಲೇ ಆಗಿರುತ್ತದೆ, ಉಳಿಯುವುದು ಅದನ್ನು ಯಾರು, ಎಷ್ಟು ಸಮರ್ಥವಾಗಿ ನೆರವೇರಿಸಬೇಕೆಂಬ ಪ್ರಶ್ನೆ ಮಾತ್ರ.