ಮೆರಿಕಾನಿಯಿಂದ ಮಿತುಂಬಾವರೆಗೆ



ಇಂಡಸ್ಟ್ರಿಯಲ್ ಏರಿಯಾ ಎಂದೊಡನೆ ನಮಗೆಲ್ಲ ನೆನಪಾಗುವುದು ಲಾರಿಗಳ ಸಾಲು, ಗೋಡೌನುಗಳು, ಸಂಜೆಯ ಟ್ರಾಫಿಕ್ಕು. 1899ರಲ್ಲಿ ಮೊಂಬಾಸಾ ಕಡೆಯಿಂದ ರೈಲು ಹಳಿ ಬಂದು ಮುಟ್ಟಿದ ಮೇಲೆ ಬೆಳೆದ ಊರು ನಮ್ಮ ನೈರೋಬಿ. ಹಳಿಯ ಪಕ್ಕದಲ್ಲೇ ಕಾರ್ಖಾನೆಗಳು ಎದ್ದವು. ಅವುಗಳಲ್ಲಿ ಬಟ್ಟೆಯ ಗಿರಣಿಗಳೂ ಸೇರಿದ್ದವು. ಈ ಬಟ್ಟೆಯ ಕಥೆಗೂ ನಮ್ಮ ಧಾರವಾಡಕ್ಕೂ ಒಂದು ಹಳೆಯ ಎಳೆಯ ನಂಟಿದೆ.

ಪೂರ್ವ ಆಫ್ರಿಕಾದ ಹಿರಿಯರು ಬಿಳುಪು ಮಾಡದ ಒರಟು ಹತ್ತಿ ಬಟ್ಟೆಗೆ 'ಮೆರಿಕಾನಿ' ಎನ್ನುತ್ತಿದ್ದರು. ಹೆಸರೇ ಹೇಳುವಂತೆ ಅದು ಅಮೆರಿಕದ ಗಿರಣಿಗಳ ಬಟ್ಟೆ. 1833ರಲ್ಲಿ ಜಾಂಜಿಬಾರಿನ ಸುಲ್ತಾನರೊಡನೆ ಅಮೆರಿಕ ವ್ಯಾಪಾರದ ಒಪ್ಪಂದ ಮಾಡಿಕೊಂಡಿತು. ಒಳನಾಡಿನಲ್ಲಿ ಈ ಬಟ್ಟೆ ಹಣದಂತೆಯೇ ಚಲಾವಣೆಯಾಗುತ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದಾಗ ಹತ್ತಿಯ ಸರಬರಾಜು ನಿಂತು ಮೆರಿಕಾನಿಗೂ ಕೊರತೆ ಬಂತು. ಮುಂದೆ ಆ ಜಾಗವನ್ನು ಬಹುಮಟ್ಟಿಗೆ ತುಂಬಿದ್ದು ಮುಂಬಯಿಯ ಗಿರಣಿಗಳು.

ಅದೇ ಯುದ್ಧ ಧಾರವಾಡದ ಎರೆಹೊಲಗಳಿಗೆ ಸುಗ್ಗಿ ತಂದಿತು. ನಮ್ಮ ಜವಾರಿ ಹತ್ತಿಯ ಎಳೆ ಗಿಡ್ಡ. ಕೈರಾಟೆಗೆ ಅದು ಸಾಕು, ಲಂಕಾಷೈರಿನ ಯಂತ್ರಗಳಿಗೆ ಮಾತ್ರ ಉದ್ದ ಎಳೆ ಬೇಕು. ಆದ್ದರಿಂದಲೇ 1840ರ ದಶಕದಲ್ಲಿ ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಅಮೆರಿಕದ ಬೀಜ ಬಿತ್ತಿ ನೋಡಿದ್ದರು. ಅದೇ ಮುಂದೆ 'ಧಾರವಾಡ ಅಮೆರಿಕನ್' ಎಂದು ಹೆಸರಾಯಿತು. ಯುದ್ಧದ ವರ್ಷಗಳಲ್ಲಿ ಹತ್ತಿ ಹೇರಿದ ಚಕ್ಕಡಿಗಳು ಘಟ್ಟ ಇಳಿದು ಕುಮಟಾ, ಕಾರವಾರ ಬಂದರುಗಳಿಗೆ ಹೋದವು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿಯ ಲೆಕ್ಕಾಚಾರವಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ ರೈತನಿಗೆ ಸಾಲವೇ ಉಳಿಯಿತು. ಯುದ್ಧ ಎಲ್ಲೋ, ಪೆಟ್ಟು ಇನ್ನೆಲ್ಲೋ!

ಇಂಥದೇ ಕಥೆ ಕೆನ್ಯಾದಲ್ಲೂ ನಡೆಯಿತು. 1963ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಸರ್ಕಾರ ಆಮದಿಗೆ ತಡೆಯೊಡ್ಡಿ ಗಿರಣಿಗಳನ್ನು ಬೆಳೆಸಿತು. ಕಿಸುಮುವಿನಲ್ಲಿ ಕಿಕೋಮಿ, ಎಲ್ಡೊರೆಟ್‌ನಲ್ಲಿ ರಿವಾಟೆಕ್ಸ್ ಹೆಸರು ಮಾಡಿದವು. 1990ರ ದಶಕದ ಆರಂಭದಲ್ಲಿ ಆಮದಿನ ಬಾಗಿಲು ತೆರೆಯಿತು. ಪರದೇಶದವರು ಉಟ್ಟು ಬಿಟ್ಟ ಬಟ್ಟೆಗಳು ಮೂಟೆ ಮೂಟೆಯಾಗಿ ಬಂದಿಳಿದವು. ಸ್ವಾಹಿಲಿಯಲ್ಲಿ ಮಿತುಂಬಾ ಎಂದರೆ ಮೂಟೆಗಳು ಎಂದೇ ಅರ್ಥ. ಹಳೆಯ ಯಂತ್ರ, ದುಬಾರಿ ವಿದ್ಯುತ್ತಿನ ಜೊತೆಗೆ ಈ ಪೈಪೋಟಿಯೂ ಸೇರಿ ಅನೇಕ ಗಿರಣಿಗಳು ಬಾಗಿಲು ಹಾಕಿದವು. ಕೆಲಸಗಾರರಷ್ಟೇ ಅಲ್ಲ, ಹತ್ತಿ ಬೆಳೆದವರೂ ಸೋತರು. ರಿವಾಟೆಕ್ಸನ್ನು 2007ರಲ್ಲಿ ಮೋಯಿ ವಿಶ್ವವಿದ್ಯಾಲಯ ಕೊಂಡು ಮತ್ತೆ ಎಬ್ಬಿಸಿತು. ಇತ್ತ ಗಿಕೊಂಬಾ ಮಾರುಕಟ್ಟೆಯಲ್ಲಿ ಮಿತುಂಬಾ ಮಾರಿ ಮಕ್ಕಳನ್ನು ಓದಿಸುವ ತಾಯಂದಿರೂ ಇದ್ದಾರೆ. ಆದ್ದರಿಂದ ಒಂದೇ ಮಾತಿನಲ್ಲಿ ಸರಿ ತಪ್ಪು ಹೇಳುವುದು ಕಷ್ಟ.

ಕೊಳ್ಳುವಾಗ ಕೈಯಲ್ಲಿರುವುದು ಏನೆಂದು ತಿಳಿದಿರುವುದಂತೂ ಒಳ್ಳೆಯದು. 'ಅಪ್ಪಟ ಹತ್ತಿ' ಎಂದು ನಂಬಿ ತಂದ ಅಂಗಿ ಇಸ್ತ್ರಿ ಪೆಟ್ಟಿಗೆಗೆ ಅಂಟಿಕೊಂಡ ಅನುಭವ ನಮಗೂ ಆಗಿದೆ! ಹಳಬರ ಪರೀಕ್ಷೆ ಹೀಗಿದೆ: ಒಳಹೊಲಿಗೆಯಿಂದ ಒಂದು ಎಳೆ ತೆಗೆದು, ಚಿಮಟದಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಡಬೇಕು (ದೊಡ್ಡವರೇ ಮಾಡಲಿ). ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. 1941ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದ ಟೆರಿಲಿನ್, ಅಂದರೆ ಪಾಲಿಯೆಸ್ಟರ್, ಮುದುಡಿ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಯಾನ್ ಮಾತ್ರ ಮೋಸಗಾರ: ನೋಟಕ್ಕೆ ರೇಷ್ಮೆ, ಸುಟ್ಟರೆ ಹತ್ತಿ. ಏಕೆಂದರೆ ಅದು ಹುಟ್ಟುವುದು ಮರದ ತಿರುಳಿನಿಂದ. ಹರಿಹರದ ಬಳಿ ತುಂಗಭದ್ರೆಯ ದಡದ ಕಾರ್ಖಾನೆಯನ್ನು ಕಂಡವರಿಗೆ ಇದು ಗೊತ್ತು.

ಊರಿಂದ ತಂದ ಪೆಟ್ಟಿಗೆಯಲ್ಲಿ ಅಜ್ಜಿಯ ಇಳಕಲ್ ಸೀರೆಯೋ ಅಜ್ಜನ ಧೋತರವೋ ಇದ್ದರೆ ಈ ಭಾನುವಾರ ಹೊರತೆಗೆಯಿರಿ. ಪ್ಲಾಸ್ಟಿಕ್ ಚೀಲ ಬಿಡಿಸಿ, ನೆರಳಲ್ಲಿ ಗಾಳಿಗೆ ಹರವಿ, ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಮಕ್ಕಳು ಕೈಯಿಂದ ಮುಟ್ಟಿ ನೋಡಲಿ. ಅದರ ಒಂದೊಂದು ಎಳೆಯ ಹಿಂದೆಯೂ ಬೆಳೆದವರ, ನೂತವರ, ನೇಯ್ದವರ ಬದುಕಿದೆಯೆಂದು ಅವರಿಗೆ ಹೇಳೋಣ.