ನಾಮದ ಚಿಲುಮೆಯ ಔಷಧಿ ವನ

ತುಮಕೂರಿನಿಂದ ದೇವರಾಯನದುರ್ಗದ ದಾರಿ ಹಿಡಿದರೆ ಬೆಟ್ಟ ಹತ್ತುವ ಮೊದಲೇ ಕಾಡಿನ ನಡುವೆ ನಾಮದ ಚಿಲುಮೆ ಸಿಗುತ್ತದೆ. ಅಂಕಿಅಂಶ ಕೇಳುವವರಿಗೆ: ದುರ್ಗದ ಎತ್ತರ 3,900 ಅಡಿಗೂ ಮೇಲೆ, ಸುತ್ತಲ ಅರಣ್ಯ ಸುಮಾರು 42 ಚದರ ಕಿಲೋಮೀಟರ್. ಶಿಂಷಾ, ಜಯಮಂಗಲಿ ಎರಡೂ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಒಂದು ಕಾವೇರಿ ಸೇರಿದರೆ ಇನ್ನೊಂದು ಉತ್ತರ ಪಿನಾಕಿನಿಯ ಪಾಲು. ಎರಡು ನದಿಗಳ ತವರಿನವರಾದ ನಾವು ಕುಡಿಯುವ ನೀರಿಗೆ ಹೇಮಾವತಿಯ ದಾರಿ ಕಾಯುತ್ತೇವೆ, ಆ ಮಾತು ಬೇರೆ.

ವನವಾಸದಲ್ಲಿ ಇಲ್ಲಿ ತಂಗಿದ್ದ ರಾಮನಿಗೆ ಹಣೆಗೆ ನಾಮ ಇಟ್ಟುಕೊಳ್ಳಲು ತೊಟ್ಟು ನೀರೂ ಸಿಗಲಿಲ್ಲವಂತೆ. ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು. ರಾಮ ಬಾಣ ಬಿಟ್ಟ ಬಂಡೆಗಳು ನಾಡಿನಲ್ಲಿ ಬೇಕಾದಷ್ಟಿವೆ. ಆದರೆ ಬರೀ ನಾಮ ಕಲಸಿಕೊಳ್ಳಲು ಬಾಣ ಹೂಡಿದ ಕಥೆ ನಮ್ಮದೇ ಇರಬೇಕು. ಗಟ್ಟಿ ಬಂಡೆಯ ಸಣ್ಣ ಕುಳಿಯಲ್ಲಿ ನೀರು ನಿಂತಿರುವುದನ್ನು ನೋಡಿದರೆ ಕಥೆ ಹುಟ್ಟದಿದ್ದರೇ ಆಶ್ಚರ್ಯ. ಮೇಲಿನ ಕಾಡು ಹಿಡಿದಿಟ್ಟ ಮಳೆನೀರು ಬಂಡೆಯ ಬಿರುಕುಗಳಲ್ಲಿ ಇಳಿದು ಇಲ್ಲಿ ಜಿನುಗುತ್ತದೆ. ಬಾಣ ರಾಮನದಾದರೂ ನೀರು ಕಾಡಿನದೇ.

ದುರ್ಗದ ಚರಿತ್ರೆಯಲ್ಲೊಂದು ತೊಡಕಿದೆ. ಹಿಂದೆ ಇದು ಆನೆಬಿದ್ದಸರಿ, ಆಮೇಲೆ ಜಡಕನೆಂಬ ಪಾಳೆಯಗಾರನಿಂದ ಜಡಕನದುರ್ಗ, ಚಿಕ್ಕದೇವರಾಜ ಒಡೆಯರು ಗೆದ್ದ ಮೇಲೆ ದೇವರಾಯನದುರ್ಗ. ಇಷ್ಟು ಹೇಳುವ ಪ್ರವಾಸಿ ಕೈಪಿಡಿಗಳೇ ಕೆಳಗಿನ ಭೋಗ ನರಸಿಂಹನ ಗುಡಿಯನ್ನು ಮೊದಲನೆಯ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದರು ಎಂದೂ ಬರೆಯುತ್ತವೆ. ಅವರು ಆಳಿದ್ದು 1638ರಿಂದ 1659. ಚಿಕ್ಕದೇವರಾಜರು ಪಟ್ಟಕ್ಕೆ ಬಂದದ್ದೇ 1673ರಲ್ಲಿ. ಇನ್ನೂ ಕೈವಶವಾಗದ ದುರ್ಗದಲ್ಲಿ ಗುಡಿ ಎದ್ದದ್ದು ಹೇಗೆ? ಚಿಕ್ಕದೇವರಾಜರ ಮಗನ ಹೆಸರೂ ಕಂಠೀರವ ನರಸರಾಜ. ಮೂಕರಸು ಎಂದೇ ಹೆಸರಾದ ಅವರು 1704ರಿಂದ 1714ರವರೆಗೆ ಆಳಿದರು. ಕಟ್ಟಿಸಿದ ಪುಣ್ಯ ಅವರದೇ ಇರಬೇಕೆಂದು ನನ್ನ ಗುಮಾನಿ. ಅಜ್ಜನ ಕಾಲದ ದೊಡ್ಡ ಹೆಸರಿನಡಿ ಮಾತು ಬಾರದ ಅರಸನ ಲೆಕ್ಕ ಮುಚ್ಚಿಹೋಗಿದೆ.

ಚಿಲುಮೆಯ ಬಳಿಯಲ್ಲೇ ಅರಣ್ಯ ಇಲಾಖೆ ಬೆಳೆಸಿದ ಔಷಧಿ ವನವಿದೆ. ಭಾನುವಾರ ಬಂದವರು ಜಿಂಕೆ ನೋಡಿ, ಮರದಡಿ ಬುತ್ತಿ ಬಿಚ್ಚಿ, ಕೋತಿಗಳಿಗೆ ಹೆದರಿ ಎದ್ದುಬಿಡುತ್ತಾರೆ. ಗಿಡಗಳ ಕಡೆ ಹೋಗುವವರು ಕಡಿಮೆ. ಅಮೃತಬಳ್ಳಿ, ಆಡುಸೋಗೆ, ನೆಲನೆಲ್ಲಿ ಎಲ್ಲ ಹಿತ್ತಿಲಲ್ಲೇ ಇದ್ದವಲ್ಲ ಎಂದು ಹಳಬರು ಮೂಗು ಮುರಿಯಬಹುದು. ಹಿತ್ತಿಲಿಗೇ ಸಿಮೆಂಟು ಬಿದ್ದಿರುವಾಗ ಮಕ್ಕಳಿಗೆ ಇನ್ನೆಲ್ಲಿ ತೋರಿಸುವುದು?

ನಮ್ಮ ಬೆಟ್ಟಗಳ ಮಧುನಾಶಿನಿಯನ್ನೇ ನೋಡಿ. ಬೇಲಿಗೆ ಹಬ್ಬುವ ಸಾಧಾರಣ ಬಳ್ಳಿ, ಎದುರುಬದುರಾಗಿ ಮೂಡುವ ಎಲೆ. ಒಂದೆರಡು ಎಲೆ ಚೆನ್ನಾಗಿ ಅಗಿದು ಉಗಿದು, ಬಾಯಿಗೆ ಸಕ್ಕರೆ ಹಾಕಿಕೊಂಡರೆ ಮರಳು ಅಗಿದಂತೆ. ಎಲೆಯ ಜಿಮ್ನೆಮಿಕ್ ಆಮ್ಲ ನಾಲಿಗೆಗೆ ಸಿಹಿ ತಟ್ಟದಂತೆ ಅಡ್ಡಗಟ್ಟುತ್ತದೆ. ಉಪ್ಪು, ಹುಳಿ ಮಾತ್ರ ಎಂದಿನಂತೆ ತಿಳಿಯುತ್ತವೆ. ಅರ್ಧ ಗಂಟೆಯ ಹೊತ್ತಿಗೆ ನಾಲಿಗೆ ಸರಿಹೋಗುತ್ತದೆ. ಶುಗರ್ ಮಾತ್ರೆ ಬಿಟ್ಟು ಇದನ್ನೇ ನೆಚ್ಚಿಕೊಳ್ಳುವವರಿದ್ದಾರೆ. ಅದು ಹುಚ್ಚು ಸಾಹಸ.

ನನ್ನ ಚಿಂತೆ ಇರುವುದು ಮಾಗಳಿ ಬೇರಿನದು. ಜಾಲಾರಿ ಮರಗಳ ಈ ಕಾಡಿನ ಬಂಡೆ ಸಂದುಗಳಲ್ಲಿ ಹಬ್ಬುವ ಬಳ್ಳಿ. ಬೇರು ತೊಳೆದು, ಸಿಪ್ಪೆ ಹೆರೆದು, ನಡುವಿನ ನಾರು ತೆಗೆದು, ಮಜ್ಜಿಗೆಯಲ್ಲೋ ನಿಂಬೆರಸದಲ್ಲೋ ಹಾಕಿದ ಉಪ್ಪಿನಕಾಯಿಯ ವಾಸನೆಗೆ ಕೆಲವರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಮೊಸರನ್ನಕ್ಕೆ ಅದೇ ಬೇಕು. ಬೇರಿಗಾಗಿ ಅಗೆದರೆ ಬಳ್ಳಿಯೇ ಹೋಗುತ್ತದೆ, ಮತ್ತೆ ಬೇರು ದಪ್ಪವಾಗಲು ವರ್ಷಗಳೇ ಬೇಕು. ಔಷಧ ತಯಾರಕರು ಕೊಳ್ಳತೊಡಗಿದ ಮೇಲಂತೂ ಗುದ್ದಲಿಗೆ ಬಿಡುವಿಲ್ಲ. ಬೀಜದಿಂದ ಸಸಿ ಎಬ್ಬಿಸಬಹುದು. ವನದವರು ಮಳೆಗಾಲದ ಹೊತ್ತಿಗೆ ಒಂದಷ್ಟು ಸಸಿ ಮಾಡಿ ಸುತ್ತಲ ಹಳ್ಳಿಗಳವರಿಗೆ ಹೊಲದ ಬದುವಿಗೆ ಕೊಟ್ಟರೆ ಬೆಟ್ಟದ ಮೇಲಿನ ಅಗೆತ ಅಷ್ಟಾದರೂ ತಗ್ಗೀತು.