ಕೆಂಪು ಕಚೇರಿ ಎದುರಿಗೆ ಕಲ್ಲಿನ ಸೌಧ

ಇಯರ್‌ಫೋನ್ ಹಾಕ್ಕೊಂಡು ಬೆಂಗಳೂರಿನ ಮೆಟ್ರೋದಲ್ಲಿ ಇದನ್ನ ಕೇಳ್ತಿದ್ದೀರಾ? ಹಾಗಾದ್ರೆ ಒಮ್ಮೆ ವಿಧಾನಸೌಧ ಸ್ಟೇಷನ್‌ನಲ್ಲಿ ಇಳಿದು ನೋಡಿ. ರಸ್ತೆಯ ಒಂದು ಕಡೆ ಕೆಂಪು ಬಣ್ಣದ ಹೈಕೋರ್ಟ್, ಇನ್ನೊಂದು ಕಡೆ ಕಲ್ಲಿನ ವಿಧಾನಸೌಧ. ಇವತ್ತಿನ ಕಥೆ ಈ ಎರಡೂ ಕಟ್ಟಡಗಳದ್ದು.

ಕೆಂಪು ಕಟ್ಟಡದಿಂದಲೇ ಶುರು ಮಾಡೋಣ. 1831ರಿಂದ 1881ರವರೆಗೆ ಮೈಸೂರು ಸೀಮೆಯ ಆಡಳಿತ ಬ್ರಿಟಿಷ್ ಕಮಿಷನರ್‌ಗಳ ಕೈಯಲ್ಲಿತ್ತು. ಅವರ ಕಚೇರಿ ಎಲ್ಲಿತ್ತು ಗೊತ್ತಾ? ಕೋಟೆಯೊಳಗೆ, ಟಿಪ್ಪುವಿನ ಅರಮನೆಯಲ್ಲಿ! ಸೋತ ದೊರೆಯ ಮರದ ಕಂಬಗಳ ನಡುವೆ ಗುಮಾಸ್ತರು ಫೈಲ್ ಬರೀತಿದ್ರು. ಜಾಗ ಸಾಲದೆ 1860ರ ದಶಕದಲ್ಲಿ ಹೊಸ ಕಟ್ಟಡ ಕಟ್ಟಿದರು. 1868ರಲ್ಲಿ ಕಚೇರಿಗಳು ಅಲ್ಲಿಗೆ ಬಂದವು. ಹದಿನೆಂಟು ಇಲಾಖೆಗಳು ಇದ್ದದ್ದರಿಂದ ಜನರ ಬಾಯಲ್ಲಿ ಅದು 'ಅಠಾರ ಕಚೇರಿ' ಆಯ್ತು. ಅಠಾರ ಅಂದ್ರೆ ಹಿಂದೂಸ್ತಾನಿಯಲ್ಲಿ ಹದಿನೆಂಟು.

ಈಗ ರಸ್ತೆ ದಾಟೋಣ. 1951ರ ಜುಲೈ 13ರಂದು ನೆಹರೂ ವಿಧಾನಸೌಧಕ್ಕೆ ಅಡಿಗಲ್ಲು ಹಾಕಿದರು. ಆಗ ಕೆ.ಸಿ. ರೆಡ್ಡಿ ಮುಖ್ಯಮಂತ್ರಿ, ನಕ್ಷೆಯೂ ಸಾದಾ. 1952ರಲ್ಲಿ ಆ ಕುರ್ಚಿಗೆ ಬಂದ ಕೆಂಗಲ್ ಹನುಮಂತಯ್ಯನವರು ಆ ನಕ್ಷೆಯನ್ನೇ ಬದಲಾಯಿಸಿಬಿಟ್ಟರು. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಜೊತೆ ಕೂತು ದ್ರಾವಿಡ ಶೈಲಿಯ ಕಂಬ, ಗೋಪುರ, ಕೆತ್ತನೆ ಎಲ್ಲ ಸೇರಿಸಿದರು. ಇದಕ್ಕೆ ಕಾರಣವಾಗಿ ಒಂದು ಕಥೆ ಹೇಳ್ತಾರೆ: ರಷ್ಯಾದಿಂದ ಬಂದ ಅತಿಥಿಗಳು ಊರು ಸುತ್ತಿ, "ನಿಮ್ಮದೇ ಅಂತ ವಾಸ್ತುಶಿಲ್ಪ ಇಲ್ವಾ?" ಅಂತ ಕೇಳಿದ್ರಂತೆ. ಕಥೆ ಹೇಗೇ ಇರಲಿ, ಉತ್ತರ ಮಾತ್ರ ಕಮಿಷನರ್‌ಗಳ ಕಚೇರಿಯ ಎದುರಿಗೇ ಎದ್ದು ನಿಂತಿದೆ.

ಖರ್ಚು ಸುಮಾರು 1.75 ಕೋಟಿ ರೂಪಾಯಿ. ಆಗಿನ ಕಾಲಕ್ಕೆ ಅದು ದೊಡ್ಡ ದುಡ್ಡು. ಬಡ ರಾಜ್ಯಕ್ಕೆ ಇಷ್ಟು ವೈಭವ ಬೇಕಾ ಅಂತ ಗಲಾಟೆ ಎದ್ದಿತು. ಕಟ್ಟಡ ಮುಗಿಯೋ ವರ್ಷವೇ, 1956ರ ಆಗಸ್ಟ್‌ನಲ್ಲಿ, ಹನುಮಂತಯ್ಯ ಅಧಿಕಾರ ಕಳೆದುಕೊಂಡರು. ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಯ್ತು. ಆ ದಿನ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪ. ಏಕೀಕರಣಕ್ಕಾಗಿ ತನ್ನ ಕಡೆಯವರನ್ನೇ ಎದುರು ಹಾಕ್ಕೊಂಡಿದ್ದ ಹನುಮಂತಯ್ಯ ಮತ್ತೆಂದೂ ಮುಖ್ಯಮಂತ್ರಿಯಾಗಲಿಲ್ಲ.

2025ರಿಂದ ವಿಧಾನಸೌಧಕ್ಕೆ ಗೈಡ್ ಜೊತೆ ಹೋಗಿ ಸುತ್ತಾಡಬಹುದು. ನಾವೂ ಮನೆಯವರೆಲ್ಲ ಹೋಗಿದ್ವಿ. ಮುಂಬಾಗಿಲ ಮೇಲೆ 'ಸರ್ಕಾರದ ಕೆಲಸ ದೇವರ ಕೆಲಸ' ಅಂತ ಕೆತ್ತಿರೋದನ್ನ ಅಜ್ಜಿ ನಿಧಾನಕ್ಕೆ ಓದಿದ್ರು. ಊರಿನ ಒಂದು ಕಚೇರಿಯಲ್ಲಿ ಅವರ ಪಿಂಚಣಿ ಅರ್ಜಿ ಎಂಟು ತಿಂಗಳು ಬಿದ್ದಿತ್ತು. "ಅದಕ್ಕೇ ಕಣೋ, ದೇವರ ಹಾಗೇ ಕಾಯಿಸ್ತಾರೆ" ಅಂದ್ರು. ಅಪ್ಪ ನಕ್ಕರು, ನನಗೆ ನಗು ಬರಲಿಲ್ಲ. ಆ ಸಾಲು ಜನರ ಎದುರು ಬರೆದುಕೊಟ್ಟ ಮಾತು. ಕಲ್ಲಿನಲ್ಲಿರೋದರಿಂದ ಅಳಿಸೋಕೂ ಆಗಲ್ಲ. ಅದನ್ನ ಓದಿ ಲೆಕ್ಕ ಕೇಳೋ ಹಕ್ಕು ಅಜ್ಜಿಗಿದೆ.

ಇನ್ನೊಂದು ಲೆಕ್ಕವೂ ಬಾಕಿ ಇದೆ. ಈ ಸೌಧಕ್ಕೆ ಸುಮಾರು 5,000 ಕೂಲಿಗಳು, 1,500 ಕಲ್ಲುಕುಟಿಗರು ಮತ್ತು ಕುಶಲಕರ್ಮಿಗಳು ದುಡಿದರು ಅಂತಾರೆ. ನಾಯಕರ ಹೆಸರು ನಮಗೆ ಬಾಯಿಪಾಠ. ಇವರಲ್ಲಿ ಒಬ್ಬರ ಹೆಸರಾದರೂ ನಿಮಗೆ ಗೊತ್ತಾ?

ಕೆಂಪು ಕಟ್ಟಡ ಏನಾಯ್ತು? 1980ರ ದಶಕದಲ್ಲಿ ಅದನ್ನ ಕೆಡವೋ ಯೋಚನೆ ಬಂತು. ಜನ ವಿರೋಧಿಸಿದರು, ಕೋರ್ಟಿಗೂ ಹೋದರು. ಕಟ್ಟಡ ಉಳೀತು. ಬ್ರಿಟಿಷರು ತಮಗಾಗಿ ಕಟ್ಟಿಕೊಂಡ ಕಚೇರಿಯನ್ನ ಜನ 'ಇದು ನಮ್ಮದು' ಅಂದ್ರು. ಸರ್ಕಾರಿ ಕಟ್ಟಡ ಜನರದ್ದಾಗೋದು ಹೀಗೆ: ಒಳಗೆ ಹೋಗಿ, ನೋಡಿ, ಪ್ರಶ್ನೆ ಕೇಳಿದಾಗ.

ನೀವೂ ಹೋಗಿ ಬನ್ನಿ, ಮನೆಯ ಹಿರಿಯರನ್ನೂ ಕರ್ಕೊಂಡು ಹೋಗಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.